ಬ್ಲೂಟೂತ್ ಸ್ಪೀಕರಿಗೆ ಸಬ್‌ವೂಫರ್, ಸರೌಂಡ್ ಜೋಡಣೆ: ಕೊಳ್ಳುವ ಮುನ್ನ ತಿಳಿಯಬೇಕಾದುದು

ಹಿಂದೆ ಟ್ರಾನ್ಸಿಸ್ಟರ್ ರೇಡಿಯೋ ಇದ್ದ ಕಪಾಟಿನ ಮೇಲೆ ಇಂದು ಬ್ಯಾಟರಿಯ ಬ್ಲೂಟೂತ್ ಸ್ಪೀಕರ್ ಬಂದು ಕುಳಿತಿದೆ. ಮಕ್ಕಳ ಪದ್ಯಪಾಠ, ಭಜನೆ, ತಾಳಮದ್ದಳೆ, ಸಿನಿಮಾ ಹಾಡು ಎಲ್ಲವೂ ಅದರಿಂದಲೇ. ಕೆಲವು ದಿನಗಳ ಬಳಿಕ ಪೋಷಕರಿಂದ ಶಿಕ್ಷಕರಾದ ನಮಗೆ ಒಂದು ಪ್ರಶ್ನೆ ಬರುತ್ತದೆ: “ಮನೆಯಲ್ಲಿ ಹಳೆಯ ಹೋಂ ಥಿಯೇಟರ್ ಇದೆ. ಅದರ ಸಬ್‌ವೂಫರಿಗೆ ಈ ಸ್ಪೀಕರನ್ನು ಜೋಡಿಸಬಹುದೇ? ಇಂತಹವೇ ಎರಡನ್ನು ತಂದು ಟಿ.ವಿ.ಗೆ ಸರೌಂಡ್ ಮಾಡಬಹುದೇ?” ಶಾಲೆಯ ಸಭಾಂಗಣಕ್ಕೆ ಧ್ವನಿ ವ್ಯವಸ್ಥೆ ಕೊಳ್ಳಲು ಹಣ ಕೂಡಿಸುವ ರಕ್ಷಕ-ಶಿಕ್ಷಕ ಸಂಘಗಳಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ.

ಸಂಕ್ಷಿಪ್ತ ಉತ್ತರ ಹೀಗಿದೆ. ತಂತಿಯ ಮೂಲಕ ಕೆಲವೊಮ್ಮೆ ಸಾಧ್ಯ. ಒಂದೇ ಕಂಪನಿಯು ಪರಸ್ಪರ ಹೊಂದುವಂತೆಯೇ ರೂಪಿಸಿದ ಮಾದರಿಗಳಲ್ಲಿ ತಂತಿಯಿಲ್ಲದೆಯೂ ಸಾಧ್ಯ. ಆದರೆ ಬೇರೆ ಬೇರೆ ಕಂಪನಿಗಳ ಬ್ಲೂಟೂತ್ ಸ್ಪೀಕರುಗಳನ್ನು ತಂದು ಸರೌಂಡ್ ವ್ಯವಸ್ಥೆ ಕಟ್ಟಲು ಸಾಮಾನ್ಯವಾಗಿ ಆಗುವುದಿಲ್ಲ. ಇದರ ಕಾರಣಗಳನ್ನು ತಿಳಿದರೆ ಹಣವೂ ಉಳಿಯುತ್ತದೆ, ಎಲ್ಲಿ ಖರ್ಚು ಮಾಡಬೇಕೆಂಬುದೂ ಸ್ಪಷ್ಟವಾಗುತ್ತದೆ.

ಜೋಡಣೆ ಎಂಬ ಒಂದು ಮಾತು, ಮೂರು ಕೆಲಸಗಳು

ಅಂಗಡಿಯಲ್ಲಿ “ಕನೆಕ್ಟ್ ಆಗುತ್ತದೆ” ಎಂದು ಹೇಳುವಾಗ ಮೂರು ಬೇರೆ ಕೆಲಸಗಳು ಒಂದೇ ಮಾತಿನೊಳಗೆ ಅಡಗಿರುತ್ತವೆ. ಮೊದಲನೆಯದು, ಮೊಬೈಲನ್ನು ಒಂದು ಸ್ಪೀಕರಿಗೆ ಜೋಡಿಸುವುದು. ಇದು ಎಲ್ಲ ಕಂಪನಿಗಳ ನಡುವೆಯೂ ನಡೆಯುತ್ತದೆ. ಎರಡನೆಯದು, ಹಲವು ಸ್ಪೀಕರುಗಳು ಒಂದೇ ಧ್ವನಿಯನ್ನು ಏಕಕಾಲಕ್ಕೆ ನುಡಿಸುವುದು. ಮೂರನೆಯದು, ಒಂದೊಂದು ಸ್ಪೀಕರಿಗೂ ಅದರದೇ ಪಾಲನ್ನು ಹಂಚುವುದು: ಮಾತು ನಡುವಿನ ಸ್ಪೀಕರಿಗೆ, ಮಳೆಯ ಸದ್ದು ಹಿಂದಿನವಕ್ಕೆ, ಗುಡುಗಿನ ತಳಧ್ವನಿ ಸಬ್‌ವೂಫರಿಗೆ.

ಸಬ್‌ವೂಫರ್ ಮತ್ತು ಸರೌಂಡ್ ಬೇಡುವುದು ಈ ಮೂರನೆಯ ಕೆಲಸವನ್ನು. 5.1 ಎಂಬ ಹೆಸರಿನಲ್ಲಿ 5 ಎಂದರೆ ಎಡ, ಬಲ, ನಡು ಮತ್ತು ಹಿಂದಿನ ಎರಡು ಸ್ಪೀಕರುಗಳು; .1 ಎಂದರೆ ತಳಧ್ವನಿಗಾಗಿಯೇ ಮೀಸಲಾದ ಪಾಲು. ಸಾಮಾನ್ಯ ಬ್ಲೂಟೂತಿನಲ್ಲಿ ಹಾಡು ಸಾಗುವುದು ಎಡ ಮತ್ತು ಬಲ ಎಂಬ ಎರಡೇ ಪಾಲುಗಳಾಗಿ. ಆರು ಪಾಲುಗಳು ಆ ದಾರಿಯಲ್ಲಿ ಬರುವುದೇ ಇಲ್ಲ. ಬಾರದುದನ್ನು ಎಷ್ಟು ಒಳ್ಳೆಯ ಸ್ಪೀಕರ್ ಆದರೂ ಹಂಚಿಕೊಡಲಾರದು.

ಕಂಪನಿಗೊಂದು ಗುಂಪು, ಗುಂಪಿಗೊಂದು ಬೇಲಿ

ಎರಡನೆಯ ಕೆಲಸವೂ ಎಲ್ಲೆಡೆ ಸಲೀಸಾಗಿಲ್ಲ. ಬ್ಲೂಟೂತಿನ ಹಳೆಯ ವಿಧಾನವು ಮೂಲತಃ ಒಂದು ಮೊಬೈಲಿನಿಂದ ಒಂದು ಸ್ಪೀಕರಿಗೆ ಧ್ವನಿ ಕಳುಹಿಸಲು ರೂಪುಗೊಂಡದ್ದು. ಹಲವು ಸ್ಪೀಕರುಗಳನ್ನು ಸೇರಿಸಲು ಪ್ರತಿ ಕಂಪನಿಯೂ ತನ್ನದೇ ಉಪಾಯ ಹೂಡಿತು. ಹೀಗಾಗಿ ಒಂದೇ ಕಂಪನಿಯೊಳಗೂ ಬೇಲಿಗಳೆದ್ದಿವೆ. ಜೆಬಿಎಲ್‌ನ ಚಾರ್ಜ್ 4 ಮಾದರಿಯಲ್ಲಿರುವುದು ‘ಕನೆಕ್ಟ್ ಪ್ಲಸ್’. ಚಾರ್ಜ್ 5ರಲ್ಲಿರುವುದು ‘ಪಾರ್ಟಿಬೂಸ್ಟ್’. 2024ರಲ್ಲಿ ಬಂದ ಎಕ್ಸ್‌ಟ್ರೀಮ್ 4ರಲ್ಲಿರುವುದು ‘ಆರಾಕಾಸ್ಟ್’. ಈ ಮೂರೂ ಒಂದರೊಡನೊಂದು ಬೆರೆಯುವುದಿಲ್ಲ. ಅಣ್ಣನ ಮನೆಯ ಸ್ಪೀಕರೂ ತಮ್ಮನ ಮನೆಯ ಸ್ಪೀಕರೂ ಒಂದೇ ಹೆಸರಿನವಾದರೂ ಮದುವೆಯ ಚಪ್ಪರದಲ್ಲಿ ಜೊತೆಯಾಗಿ ನುಡಿಯದೆ ಇರಬಹುದು.

ಆರಾಕಾಸ್ಟ್ ಒಂದು ಕಂಪನಿಯ ಸೊತ್ತಲ್ಲ, ಬ್ಲೂಟೂತ್ ಸಂಘಟನೆಯೇ ರೂಪಿಸಿದ ಬಿತ್ತರಿಕೆಯ ವಿಧಾನ. ಬಾನುಲಿ ಕೇಂದ್ರದಂತೆ ಒಂದು ಮೂಲದಿಂದ ಅನೇಕ ಸ್ಪೀಕರುಗಳಿಗೆ ಧ್ವನಿ ಕಳುಹಿಸುವುದು ಇದರ ಗುರಿ. ಇದು ಹರಡಿದಂತೆ ಬೇಲಿಗಳು ತಗ್ಗಬಹುದು. ಆದರೂ ಒಂದೇ ಧ್ವನಿಯನ್ನು ಹಲವರಿಗೆ ಕೊಡುವುದಕ್ಕೂ 5.1 ಪಾಲುಗಳನ್ನು ಹಂಚುವುದಕ್ಕೂ ಇರುವ ಅಂತರವನ್ನು ಮರೆಯಬಾರದು.

ವೈ-ಫೈ ಬಳಸುವ ಸ್ಪೀಕರುಗಳು ಒಂದು ಹೆಜ್ಜೆ ಮುಂದಿವೆ, ಆದರೂ ಮಿತಿಯಿದೆ. ಸೋನೋಸ್ ಕಂಪನಿಯ ಮೂವ್ ಮತ್ತು ರೋಮ್ ಎಂಬ ಬ್ಯಾಟರಿ ಸ್ಪೀಕರುಗಳು ಅದೇ ಕಂಪನಿಯ ಇತರ ಸ್ಪೀಕರುಗಳೊಡನೆ ಸೇರಿ ಹಾಡನ್ನು ನುಡಿಸುತ್ತವೆ. ಆದರೆ ಅವುಗಳನ್ನು ಅದೇ ಕಂಪನಿಯ ಹೋಂ ಥಿಯೇಟರಿನ ಹಿಂದಿನ ಸರೌಂಡ್ ಆಗಿ ಬಳಸಲಾಗದು. ಅದರ ಸಬ್‌ವೂಫರಿನೊಂದಿಗೆ ಬೆಸೆಯಲೂ ಆಗದು.

ತಡವಾಗಿ ಬರುವ ಸದ್ದು

ಬ್ಲೂಟೂತಿನಲ್ಲಿ ಧ್ವನಿಯನ್ನು ಮೊದಲು ಕುಗ್ಗಿಸಿ, ಕಳುಹಿಸಿ, ಸ್ಪೀಕರಿನೊಳಗೆ ಸ್ವಲ್ಪ ಕೂಡಿಟ್ಟುಕೊಂಡು, ಮತ್ತೆ ಬಿಡಿಸಿ ನುಡಿಸಬೇಕು. ಇದಕ್ಕೆ ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್ ಹಿಡಿಯುತ್ತದೆ. ಹಾಡು ಮಾತ್ರ ಕೇಳುವಾಗ ಇದು ಗಮನಕ್ಕೆ ಬಾರದು. ಎರಡು ವ್ಯವಸ್ಥೆಗಳನ್ನು ಬೆರೆಸಿದಾಗ ತೊಡಕು ಶುರುವಾಗುತ್ತದೆ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹೀಗಾಗಿ 200 ಮಿಲಿಸೆಕೆಂಡ್ ತಡವೆಂದರೆ ಆ ಸ್ಪೀಕರನ್ನು ಸುಮಾರು 68 ಮೀಟರ್ ದೂರದಲ್ಲಿ, ಗದ್ದೆಯ ಆಚೆ ಬದಿಯಲ್ಲಿ ಇಟ್ಟಂತೆ. ಮುಂದಿನ ಸ್ಪೀಕರ್ ತಂತಿಯಲ್ಲಿ, ಹಿಂದಿನದು ಬ್ಲೂಟೂತಿನಲ್ಲಿ ನುಡಿದರೆ ಪ್ರತಿ ಪದವೂ ಎರಡು ಬಾರಿ ಕೇಳುತ್ತದೆ. ತೆರೆಯ ಮೇಲಿನ ತುಟಿಯ ಚಲನೆಗಿಂತ ಧ್ವನಿ ಸುಮಾರು 125 ಮಿಲಿಸೆಕೆಂಡಿನಷ್ಟು ಹಿಂದುಳಿದರೆ ನೋಡುಗರಿಗೆ ಅದು ಗೊತ್ತಾಗತೊಡಗುತ್ತದೆ ಎಂಬುದು ದೂರದರ್ಶನ ಪ್ರಸಾರದ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಒಪ್ಪಿತವಾದ ಸಂಗತಿ.

ಶಾಲೆಗಳು ಗಮನಿಸಬೇಕಾದ ಮಾತೊಂದು ಇಲ್ಲಿದೆ. ವೇದಿಕೆಯ ಮೈಕಿನ ಧ್ವನಿಯನ್ನು ಬ್ಲೂಟೂತ್ ಮೂಲಕ ಸ್ಪೀಕರಿಗೆ ಕಳುಹಿಸಬಾರದು. ತನ್ನ ಮಾತೇ ತಡವಾಗಿ ತನ್ನ ಕಿವಿಗೆ ಮರಳಿದರೆ ದೊಡ್ಡವರೂ ತೊದಲುತ್ತಾರೆ. ಮೊದಲ ಬಾರಿಗೆ ಭಾಷಣಕ್ಕೆ ನಿಂತ ಮಗುವಿನ ಪಾಡು ಹೇಳಬೇಕಿಲ್ಲ. ಮೈಕಿಗೆ ತಂತಿಯ ಆಂಪ್ಲಿಫೈಯರೇ ಸರಿ.

ಸಬ್‌ವೂಫರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಸಬ್‌ವೂಫರ್ ನುಡಿಸುವುದು ಸುಮಾರು 80ರಿಂದ 120 ಹರ್ಟ್ಸ್‌ಗಿಂತ ಕೆಳಗಿನ ತಳಧ್ವನಿಯನ್ನು ಮಾತ್ರ. ಅಷ್ಟು ತಗ್ಗಿನ ಧ್ವನಿ ಯಾವ ದಿಕ್ಕಿನಿಂದ ಬಂತೆಂದು ಕಿವಿ ಸುಲಭವಾಗಿ ಗುರುತಿಸದು. ಆದ್ದರಿಂದಲೇ ಒಂದೇ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟರೂ ಸಾಕಾಗುತ್ತದೆ. ಚಂಡೆಯ ಅಬ್ಬರಕ್ಕಿಂತ ಡೋಲಿನ ಗುಮ್ಮೆನ್ನುವ ಪೆಟ್ಟಿಗೆ, ಸಿನಿಮಾದ ಸಿಡಿಲಿಗೆ ಅದು ಬೇಕು.

ಮಾತಿಗೆ ಬೇಡ. ಹಳೆಯ ತಂತಿ ದೂರವಾಣಿ ಕಳುಹಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ಅದರಲ್ಲೇ ನಾವು ದಶಕಗಳ ಕಾಲ ಮಾತನಾಡಿದ್ದೇವೆ. ಆದರೆ ಮೇಲಿನ ಭಾಗ ಕತ್ತರಿಸಿಹೋಗುತ್ತಿದ್ದುದರಿಂದ ಹೆಸರನ್ನು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತಿತ್ತು. ‘ಸ’ ಮತ್ತು ‘ಶ’ಗಳ ಸೀತ್ಕಾರ ಹೆಚ್ಚಾಗಿ 2000 ಹರ್ಟ್ಸ್‌ಗಿಂತ ಮೇಲಿರುತ್ತದೆ. ಮಹಾಪ್ರಾಣದ ಉಸಿರೂ ಗುಮ್ಮೆನ್ನುವ ಸದ್ದಿನಲ್ಲಿ ಮುಚ್ಚಿಹೋಗುವಷ್ಟು ಸೂಕ್ಷ್ಮವಾದುದು.

ಗಡಿಯಾಚೆಯ ನಮ್ಮ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಬೀದಿಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಕೇಳುವ ಮಗುವಿಗೆ ಗ್ರಂಥಸ್ಥ ಕನ್ನಡದ ಉಚ್ಚಾರಣೆ ಸಿಗುವುದು ತರಗತಿಯಲ್ಲಿ ಮತ್ತು ಧ್ವನಿಮುದ್ರಣದಲ್ಲಿ. ‘ಶಾಲೆ’ ಮತ್ತು ‘ಸಾಲೆ’, ‘ಫಲ’ ಮತ್ತು ‘ಪಲ’ ಒಂದೇ ಆಗಿ ಕೇಳಿದರೆ ಮಗು ಬರೆಯುವುದೂ ಹಾಗೆಯೇ. ಸಭಾಂಗಣಕ್ಕೆಂದು ಕೂಡಿಸಿದ ಹಣ ಮೊದಲು ಹೋಗಬೇಕಾದದ್ದು ಸ್ಪಷ್ಟವಾಗಿ ನುಡಿಯುವ ಸ್ಪೀಕರಿಗೆ. ಸಬ್‌ವೂಫರ್ ಆ ಬಳಿಕದ ಮಾತು.

ನಡೆಯುವ ಮೂರು ದಾರಿಗಳು

1. ಹಳೆಯ ಹೋಂ ಥಿಯೇಟರಿಗೇ ಬ್ಲೂಟೂತ್ ಕೊಡಿ. ಅದರಲ್ಲಿ ಬ್ಲೂಟೂತ್ ಇಲ್ಲದಿದ್ದರೆ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಬ್ಲೂಟೂತ್ ರಿಸೀವರನ್ನು ಆಕ್ಸ್ ಕಿಂಡಿಗೆ ಸಿಕ್ಕಿಸಿದರೆ ಸಾಕು. ಸಬ್‌ವೂಫರ್ ತನ್ನ ಜೊತೆಗೆ ಬಂದ ಸ್ಪೀಕರುಗಳೊಡನೆಯೇ ಹೊಂದಿಕೊಂಡು ನುಡಿಯುತ್ತದೆ. ಬ್ಯಾಟರಿ ಸ್ಪೀಕರ್ ಅಂಗಳಕ್ಕೂ ಪ್ರವಾಸಕ್ಕೂ ಪ್ರತ್ಯೇಕವಾಗಿ ಉಳಿಯುತ್ತದೆ. ಬಹುತೇಕ ಮನೆಗಳಿಗೆ ಇದೇ ಅಗ್ಗದ ಮತ್ತು ಸುಲಭದ ದಾರಿ.

2. ಬ್ಯಾಟರಿ ಸ್ಪೀಕರಿನಲ್ಲಿ 3.5 ಮಿ.ಮೀ. ಆಕ್ಸ್ ಕಿಂಡಿ ಇದ್ದರೆ ತಂತಿ ಬಳಸಿ. ಮೊಬೈಲ್ ಅಥವಾ ಟಿ.ವಿ.ಯ ಹೆಡ್‌ಫೋನ್ ಕಿಂಡಿಯಿಂದ ಎರಡು ಕವಲಿನ ವಯರ್ ಎಳೆದು, ಒಂದನ್ನು ಸ್ಪೀಕರಿಗೆ, ಇನ್ನೊಂದನ್ನು ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರಿಗೆ ಕೊಡಬಹುದು. ಸಬ್‌ವೂಫರಿನ ಕ್ರಾಸ್‌ಓವರ್ ತಿರುಪನ್ನು ಸಣ್ಣ ಸ್ಪೀಕರಿನ ಧ್ವನಿ ಕುಂದುವಲ್ಲಿಗೆ, ಸುಮಾರು 100–120 ಹರ್ಟ್ಸ್‌ಗೆ ಇಟ್ಟು ಕಿವಿಯಿಂದ ಸರಿಪಡಿಸಿಕೊಳ್ಳಿ. ಆದರೆ ಹೊಸ ಮಾದರಿಗಳಲ್ಲಿ ಈ ಕಿಂಡಿ ಮರೆಯಾಗುತ್ತಿದೆ: ಜೆಬಿಎಲ್ ಫ್ಲಿಪ್ 4ರಲ್ಲಿ ಇದ್ದದ್ದು ಫ್ಲಿಪ್ 5ರಲ್ಲಿ ಇಲ್ಲ. ಎರಡು ಯಂತ್ರಗಳ ಹೊರಹರಿವನ್ನು ಒಂದೇ ಕಿಂಡಿಗೆ ಸೇರಿಸುವುದಾಗಲಿ, ಸಬ್‌ವೂಫರಿನ ವಯರ್ ಕತ್ತರಿಸಿ ಬೆಸೆಯುವುದಾಗಲಿ ಬೇಡ, ಯಂತ್ರ ಕೆಡುತ್ತದೆ.

3. ನಿಸ್ತಂತು ಸರೌಂಡೇ ಬೇಕೆಂದಾದರೆ ಒಂದೇ ಪೆಟ್ಟಿಗೆಯಲ್ಲಿ ಬರುವ ವ್ಯವಸ್ಥೆಯನ್ನು ಕೊಳ್ಳಿ. ಉದಾಹರಣೆಗೆ ಜೆಬಿಎಲ್ ಬಾರ್ 1000 ಎಂಬ ಸೌಂಡ್‌ಬಾರಿನ ಎರಡು ತುದಿಗಳನ್ನು ಕಳಚಿ ಕೋಣೆಯ ಹಿಂದೆ ಇಡಬಹುದು. ಅವು ಬ್ಯಾಟರಿಯಲ್ಲಿ ನಡೆಯುತ್ತವೆ. ಸಬ್‌ವೂಫರಿಗೂ ವಯರ್ ಎಳೆಯಬೇಕಿಲ್ಲ. ಇಲ್ಲಿ ಪಾಲು ಹಂಚುವುದೂ ತಡವನ್ನು ಸರಿದೂಗಿಸುವುದೂ ಸೌಂಡ್‌ಬಾರಿನ ಹೊಣೆ. ಆದ್ದರಿಂದಲೇ ಅದು ನಡೆಯುತ್ತದೆ. ಬೆಲೆ ಹೆಚ್ಚು ಎಂಬುದನ್ನೂ, ಸಬ್‌ವೂಫರಿಗೆ ವಿದ್ಯುತ್ ಬೇಕೇ ಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಉಳಿಯುವುದು ಬ್ಯಾಟರಿಯ ಸ್ಪೀಕರ್ ಮಾತ್ರ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಮನೆಯ ಸ್ಪೀಕರನ್ನೂ ಮೊಬೈಲನ್ನೂ ಅಂಗಡಿಗೆ ಒಯ್ಯಿರಿ. ಹೊಸ ಸ್ಪೀಕರಿನ ಹಿಂಬದಿಯ ಕಿಂಡಿಗಳನ್ನು ನೋಡಿ. ಚಾರ್ಜಿನ ಕಿಂಡಿ ಮಾತ್ರ ಇದ್ದರೆ ತಂತಿಯ ದಾರಿ ಬಹುಮಟ್ಟಿಗೆ ಮುಚ್ಚಿದೆ ಎಂದೇ ತಿಳಿಯಿರಿ. ಗುಂಪು ಸೇರುವ ವಿಧಾನದ ಹೆಸರು ಎರಡರಲ್ಲಿಯೂ ಒಂದೇ ಇದೆಯೇ ಎಂದು ಪೆಟ್ಟಿಗೆಯ ಮೇಲೆ ಓದಿ. ಎರಡನ್ನೂ ಒಟ್ಟಿಗೆ ನುಡಿಸಿ ಚಪ್ಪಾಳೆಯ ಸದ್ದು ಕೇಳಿ: ಒಂದು ಚಪ್ಪಾಳೆ ಒಂದಾಗಿಯೇ ಕೇಳಬೇಕು. ಬಳಿಕ ಯಾರಾದರೂ ಮುಖಾಮುಖಿ ಮಾತನಾಡುವ ವಿಡಿಯೋ ಹಾಕಿ ತುಟಿ ಮತ್ತು ಮಾತು ಹೊಂದುತ್ತವೆಯೇ ಎಂದು ನೋಡಿ. ಕೊನೆಗೆ ಮಗುವಿನ ಪಾಠದ ಧ್ವನಿಮುದ್ರಣವನ್ನು ಹಾಕಿ, ಹತ್ತು ಹೆಜ್ಜೆ ದೂರ ನಿಂತು ಒಂದೊಂದು ಅಕ್ಷರವೂ ಬಿಡಿಯಾಗಿ ಕೇಳುತ್ತದೆಯೇ ಎಂದು ಪರೀಕ್ಷಿಸಿ.

ಸಭಾಂಗಣದಲ್ಲಿ ಸ್ಪೀಕರನ್ನು ನೆಲದ ಮೇಲಾಗಲಿ ಮೂಲೆಯಲ್ಲಾಗಲಿ ಇಡದೆ, ಕುಳಿತ ಮಕ್ಕಳ ಕಿವಿಗಿಂತ ತುಸು ಎತ್ತರದಲ್ಲಿ ಅವರತ್ತ ಮುಖ ಮಾಡಿ ಇಡಬೇಕು. ಶೀಟಿನ ಮಾಡು, ಟೈಲ್ಸಿನ ನೆಲ ಇರುವಲ್ಲಿ ಧ್ವನಿ ಏರಿಸಿದಷ್ಟೂ ಪ್ರತಿಧ್ವನಿ ಹೆಚ್ಚಿ ಮಾತು ಕಲಸುತ್ತದೆ; ಸ್ಪೀಕರನ್ನು ಮಕ್ಕಳ ಹತ್ತಿರ ತಂದು ಧ್ವನಿ ತಗ್ಗಿಸುವುದೇ ಲೇಸು.

ಕಾನೂನಿನ ಮಾತೊಂದಿದೆ. ತಳಧ್ವನಿ ಗೋಡೆಯನ್ನು ದಾಟಿ ನೆರೆಮನೆಗೆ ಸುಲಭವಾಗಿ ಹೋಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ಕೇಂದ್ರ ಸರಕಾರದವು. ಗಡಿಯ ಯಾವ ಬದಿಯಲ್ಲಿದ್ದರೂ ಅನ್ವಯಿಸುತ್ತವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್. ಶಾಲೆ, ಆಸ್ಪತ್ರೆಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಬಲ್ಲದು. ವಾರ್ಷಿಕೋತ್ಸವಕ್ಕೆ ಮೈಕ್ ಕಟ್ಟುವ ಮುನ್ನ ಅನುಮತಿ ಪಡೆಯುವುದನ್ನು ಮರೆಯಬಾರದು.

ಒಟ್ಟಿನಲ್ಲಿ ಅಂಗಡಿಯವರು “ಜೋಡಣೆ ಆಗುತ್ತದೆ” ಎಂದಾಗ ಪೋಷಕರು ಕೇಳಬೇಕಾದ ಮರುಪ್ರಶ್ನೆ ಒಂದೇ: ಮೊಬೈಲಿಗೆ ಜೋಡಣೆಯೇ, ಇನ್ನೊಂದು ಸ್ಪೀಕರಿನೊಡನೆ ಒಂದೇ ಹಾಡು ನುಡಿಸುವ ಜೋಡಣೆಯೇ, ಅಥವಾ ಪಾಲು ಹಂಚುವ ಜೋಡಣೆಯೇ? ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಅಲ್ಲಿಯೇ ನುಡಿಸಿ ತೋರಿಸುವಂತೆ ಕೇಳಿ, ಆ ಬಳಿಕವೇ ಹಣ ಕೊಡಿ.