ಕರ್ನಾಟಕದ ವಸ್ತುಸಂಗ್ರಹಾಲಯಗಳಲ್ಲಿ ಶಿಲ್ಪಸಂಗ್ರಹ

ಕರ್ನಾಟಕದಲ್ಲಿ ಹಳೆಯ ಶಿಲ್ಪಗಳನ್ನು ಒಂದೆಡೆ ಕೂಡಿಟ್ಟು ಜನರಿಗೆ ತೋರಿಸುವ ವ್ಯವಸ್ಥೆ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1865ರಲ್ಲಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಬಂತು. 1892ರಲ್ಲಿ ಬಿಜಾಪುರದ ಗೋಳಗುಮ್ಮಟದ ಎದುರಿನ ನಗಾರಖಾನೆ ಸಂಗ್ರಹಾಲಯವಾಯಿತು. ಆದಿಲ್‌ಶಾಹಿ ಕಾಲದ ವಸ್ತುಗಳ ಜೊತೆಗೆ ಅದಕ್ಕೂ ಹಿಂದಿನ ವಿಗ್ರಹಗಳು, ವೀರಗಲ್ಲುಗಳು ಅಲ್ಲಿ ಜಾಗ ಪಡೆದವು. ಮುಂಬಯಿ ಸರ್ಕಾರ 1939ರಲ್ಲಿ ಧಾರವಾಡದಲ್ಲಿ ತೆರೆದ ಕನ್ನಡ ಸಂಶೋಧನ ಸಂಸ್ಥೆಯಲ್ಲೂ ಇಂಥದೊಂದು ಸಂಗ್ರಹ ಬೆಳೆಯಿತು. ಸ್ವಾತಂತ್ರ್ಯದ ನಂತರ ಕಮಲಾಪುರ, ಬಾದಾಮಿ, ಐಹೊಳೆಗಳ ಸರದಿ. ಈ ಚರಿತ್ರೆಯನ್ನು ಸಾಮಾನ್ಯವಾಗಿ ಕಟ್ಟಡಗಳ, ಅಧಿಕಾರಿಗಳ ಪಟ್ಟಿಯಾಗಿ ಬರೆಯುತ್ತಾರೆ. ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ಬೇರೆ ಇದೆ: ಪ್ರತಿಯೊಂದು ಕಲ್ಲು ತಾನು ನಿಂತಿದ್ದ ಜಾಗದಿಂದ ಎಷ್ಟು ದೂರ ಬಂತು, ಬರುವಾಗ ಆ ಊರಿನ ಸುದ್ದಿಯನ್ನು ಎಷ್ಟು ಉಳಿಸಿಕೊಂಡಿತು? ಸಂಗ್ರಹವೊಂದು ಚರಿತ್ರೆಗೆ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ಇದರ ಮೇಲೆಯೇ ನಿಂತಿದೆ.

ಬೆಂಗಳೂರಿನ ಸಂಗ್ರಹಾಲಯದ ಹಿಂದಿದ್ದವನು ಎಡ್ವರ್ಡ್ ಬಾಲ್ಫರ್. ವೃತ್ತಿಯಿಂದ ಸೇನೆಯ ವೈದ್ಯ. 1851ರಲ್ಲಿ ಮದರಾಸಿನ ಸಂಗ್ರಹಾಲಯವನ್ನು ಕಟ್ಟಿ ನಡೆಸಿದ ಅನುಭವ ಅವನಿಗಿತ್ತು. ಆ ಕಾಲದ ಸಂಗ್ರಹಾಲಯಗಳಿಗೆ ಶಿಲ್ಪವೇ ಮುಖ್ಯವಾಗಿರಲಿಲ್ಲ. ಖನಿಜ, ಮರದ ತುಂಡು, ಒಣಗಿಸಿದ ಪ್ರಾಣಿ, ಕೈಕಸುಬಿನ ಮಾದರಿ, ಇವುಗಳ ನಡುವೆ ಕಲ್ಲಿನ ವಿಗ್ರಹವೂ ನಾಡಿನ ಒಂದು ಉತ್ಪನ್ನವೆಂಬಂತೆ ಕುಳಿತಿರುತ್ತಿತ್ತು. ಮದರಾಸಿನಲ್ಲಿ ಬಾಲ್ಫರ್‌ನ ಉಸ್ತುವಾರಿಯಲ್ಲಿದ್ದ ಅಮರಾವತಿಯ ಸ್ತೂಪಫಲಕಗಳ ಕಥೆ ಇಲ್ಲಿ ನೆನೆಯಬೇಕಾದದ್ದು. ವಾಲ್ಟರ್ ಎಲಿಯಟ್ 1845ರಲ್ಲಿ ಅಗೆಸಿದ ಆ ಸುಣ್ಣಕಲ್ಲಿನ ಫಲಕಗಳು ಮದರಾಸಿಗೆ ಬಂದು, ಬಹುಪಾಲು 1859ರಲ್ಲಿ ಲಂಡನ್ನಿಗೆ ಹಡಗು ಹತ್ತಿದವು. ಪ್ರತಿ ಫಲಕ ಸ್ತೂಪದ ಯಾವ ಭಾಗದ್ದು ಎಂದು ಬರೆದಿಟ್ಟ ನಂಬುವಂಥ ದಾಖಲೆ ಜೊತೆಗೆ ಹೋಗಲಿಲ್ಲ. ಕಲ್ಲು ಸುರಕ್ಷಿತವಾಗಿ ಸೇರಿತು; ಸ್ತೂಪದ ರಚನೆಯನ್ನು ಮಾತ್ರ ಅಂದಿನಿಂದ ವಿದ್ವಾಂಸರು ಊಹೆಯಿಂದಲೇ ಜೋಡಿಸಬೇಕಾಯಿತು.

ಬೆಂಗಳೂರಿಗೆ ಬಂದ ಕಲ್ಲುಗಳಲ್ಲಿ ಕೆಲವಕ್ಕೆ ಈ ಗತಿ ಬರಲಿಲ್ಲ. ಕಾರಣ ಸಂಗ್ರಹಾಲಯದ ಜಾಗ್ರತೆಯಲ್ಲ, ಕಲ್ಲಿನ ಮೇಲಿದ್ದ ಬರಹ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲನ್ನೇ ನೋಡಿ. ಮೇಲ್ಭಾಗದಲ್ಲಿ ನಾಯಿಯೊಂದು ಹಂದಿಯ ಮೇಲೆ ಬಿದ್ದಿದೆ. ಉಳಿದ ಕಲ್ಲೆಲ್ಲ ಹಳಗನ್ನಡ ಅಕ್ಷರ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಆಳು ಮಣಲೇರ ಶೌರ್ಯ ತೋರಿ, ಏನು ಬೇಕೆಂದು ಕೇಳಿದಾಗ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಭೂಮಿ ಉಣ್ಣುವ ಗೊರವ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟಲೆಂಬ ಕಟ್ಟಳೆಯನ್ನೂ ಕೆತ್ತಿದ್ದಾರೆ. ಈಗ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಈ ಸಂಗ್ರಹಾಲಯದಲ್ಲಿದೆ, ಗೊರವನೂ ಇಲ್ಲ, ಪೂಜೆಯೂ ಇಲ್ಲ. ಆದರೂ ಯಾರು, ಎಲ್ಲಿ, ಏಕೆ ಎಂಬುದನ್ನು ಕಲ್ಲು ತಾನೇ ಹೇಳುತ್ತದೆ. ಬೇಗೂರಿನ ಯುದ್ಧಶಿಲ್ಪವೂ ಹಾಗೆಯೇ. ವೀರಮಹೇಂದ್ರನ ಎದುರು ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ಹೆಸರೂ, ಅವನ ಬಳಿಕ ಇರುಗನಿಗೆ ಸಂದ ಬೆಂಪೂರು ಹನ್ನೆರಡರ ಊರುಗಳ ಹೆಸರೂ ಅದರ ಮೇಲೇ ಇವೆ.

ಬರಹವಿಲ್ಲದ ಶಿಲ್ಪಕ್ಕೆ ಈ ಭಾಗ್ಯವಿಲ್ಲ. ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿದಾಗ ಪ್ರತಿ ಶಾಸನಕ್ಕೂ ಒಂದು ಖಾಯಂ ವಿಳಾಸ ಸಿಕ್ಕಂತಾಯಿತು. ಕಲ್ಲು ಕಳೆದರೂ ಪಾಠ ಮತ್ತು ಊರು ಉಳಿದವು. ಮೂಕ ವಿಗ್ರಹಗಳನ್ನು ಅಷ್ಟೇ ಶ್ರದ್ಧೆಯಿಂದ ಯಾರೂ ಪಟ್ಟಿ ಮಾಡಲಿಲ್ಲ. ಹಾಗಾಗಿ ಗ್ಯಾಲರಿಯಲ್ಲಿ ಅವುಗಳ ಪಾಲಿಗೆ ಉಳಿಯುವುದು ದೇವತೆಯ ಹೆಸರು, ರಾಜವಂಶ, ಶತಮಾನ, ಕಲ್ಲಿನ ಜಾತಿ, ಇಷ್ಟೇ. ಹೊಯ್ಸಳ ಶಿಲ್ಪದ ವಿಷಯದಲ್ಲಿ ಈ ನಷ್ಟ ಇನ್ನೂ ಹೆಚ್ಚು. ಮಲ್ಲಿತಮ್ಮ, ದಾಸೋಜ, ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರನ್ನು ಹೆಚ್ಚಾಗಿ ವಿಗ್ರಹದ ಕೆಳಗೆ, ಪೀಠದ ಅಂಚಿನಲ್ಲಿ ಕೆತ್ತಿದರು. ಪೀಠ ಗೋಡೆಯಲ್ಲೇ ಉಳಿದು ಮೂರ್ತಿಯಷ್ಟೇ ಬಂದರೆ ಕೆತ್ತಿದವನ ಹೆಸರು ಹೋಯಿತು. ಮದನಿಕೆಯನ್ನು ಕಂಬದ ತುದಿ ಮತ್ತು ಸೂರಿನ ನಡುವೆ ಮುಂದಕ್ಕೆ ಓರೆಯಾಗಿ ಕೂರಿಸುತ್ತಿದ್ದರು, ಕೆಳಗಿನಿಂದ ತಲೆಯೆತ್ತಿ ನೋಡುವವನಿಗಾಗಿ. ಅದನ್ನು ಕಣ್ಣಿನ ಮಟ್ಟದಲ್ಲಿ ನೆಟ್ಟಗೆ ನಿಲ್ಲಿಸಿದರೆ ತಲೆ ದೊಡ್ಡದೆಂದೋ ನಿಲುವು ವಿಚಿತ್ರವೆಂದೋ ತೋರುತ್ತದೆ. ತಪ್ಪು ಶಿಲ್ಪಿಯದಲ್ಲ, ನಿಲ್ಲಿಸಿದವರದು.

ಈ ಅರಿವು ಆಡಳಿತಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲಲ್ಲಿ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮುಖ್ಯಸ್ಥನಾಗಿದ್ದ ಜಾನ್ ಮಾರ್ಷಲ್, ಒಂದು ನೆಲೆಯಲ್ಲಿ ಸಿಕ್ಕಿದ ವಸ್ತುಗಳು ಆ ನೆಲೆಯ ಪಕ್ಕದಲ್ಲೇ ಇರಬೇಕೆಂಬ ನೀತಿಯನ್ನು ಮುಂದಿಟ್ಟ. 1910ರಲ್ಲಿ ಸಾರನಾಥದ ಸಂಗ್ರಹಾಲಯ ಅದರಂತೆ ಎದ್ದಿತು. ಕರ್ನಾಟಕದಲ್ಲಿ ಈ ನೀತಿ ತಡವಾಗಿ, ಬಹಳ ಕಡೆ ಬರಿಯ ಶಿಲ್ಪಶೆಡ್ಡಿನ ರೂಪದಲ್ಲಿ ಬಂತು. ಹಂಪಿಯಲ್ಲಿ ಬ್ರಿಟಿಷ್ ಅಧಿಕಾರಿಗಳು ಆನೆಲಾಯದ ಬಳಿ ಗುಡ್ಡೆಹಾಕಿಸಿದ್ದ ಶಿಲ್ಪಗಳು 1972ರಲ್ಲಿ ಕಮಲಾಪುರದ ಕಟ್ಟಡಕ್ಕೆ ಹೋದವು. ಐಹೊಳೆ, ಬಾದಾಮಿಗಳಲ್ಲೂ ಶೆಡ್ಡೇ ಮುಂದೆ ಸಂಗ್ರಹಾಲಯವಾಯಿತು. ಬಾದಾಮಿಯ ಸಂಗ್ರಹಾಲಯ ಅಗಸ್ತ್ಯತೀರ್ಥದ ಪಕ್ಕ, ಬಡಗಣ ಕೋಟೆಯ ಬುಡದಲ್ಲಿದೆ. ಒಳಗಿನ ಶಿಲ್ಪದ ಕೆಂಪು ಮರಳುಗಲ್ಲೇ ಬಾಗಿಲ ಹೊರಗೆ ಬಂಡೆಯಾಗಿ ಎದ್ದು ನಿಂತಿದೆ. ಎರಡೂ ಮುಖದಲ್ಲಿ ಕೆತ್ತಿದ ಮಕರತೋರಣ, ನಾಗನಾಥಕೊಳ್ಳದಿಂದ ಬಂದ, ತಲೆಯ ಜಾಗದಲ್ಲಿ ಕಮಲವಿರುವ ಲಜ್ಜಾಗೌರಿ ಇಲ್ಲಿಯ ಮುಖ್ಯ ಶಿಲ್ಪಗಳು. ಲಜ್ಜಾಗೌರಿಯನ್ನು ಕಂಡವರು ಹೊರಗೆ ಬಂದು ಗುಹೆ, ಗುಡಿ, ಕೆರೆ ನೋಡಬಹುದು. ಆ ಮೂರ್ತಿ ಯಾವ ಬಗೆಯ ನಾಡಿನಲ್ಲಿ, ಯಾವ ಶಿಲ್ಪಪರಂಪರೆಯ ನೆರೆಯಲ್ಲಿ ಹುಟ್ಟಿತೆಂದು ಬೇರೆ ಹೇಳಬೇಕಾಗಿಲ್ಲ.

ಶಿಲ್ಪವನ್ನು ನೆಲೆಯಲ್ಲೇ ಇಡುವ ಈ ನೀತಿಗೆ ಆಕ್ಷೇಪಗಳಿವೆ. ಮೊದಲನೆಯದು ಕಳ್ಳತನದ್ದು: ಕಾವಲಿಲ್ಲದ ಊರಲ್ಲಿಟ್ಟ ಶಿಲ್ಪ ಒಂದು ರಾತ್ರಿಯಲ್ಲಿ ಮಾಯವಾಗುತ್ತದೆ, ನಗರದ ಗಟ್ಟಿ ಬಾಗಿಲೇ ಮೇಲು ಎಂದು. ಭಯ ನಿಜವಾದದ್ದೇ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿದ್ದೂ ಇದಕ್ಕಾಗಿ. ಆದರೆ ಕದ್ದ ಮಾಲು ಮರಳಿ ಬರುವುದು ಮೂಲಸ್ಥಳದ ದಾಖಲೆಯಿಂದ. ತಮಿಳುನಾಡಿನ ಶ್ರೀಪುರಂತಾನ್ ನಟರಾಜನನ್ನು ಆಸ್ಟ್ರೇಲಿಯಾ 2014ರಲ್ಲಿ ಹಿಂದಿರುಗಿಸಿತು. ಅದು ಆ ಗುಡಿಯದೇ ಎಂದು ಸಾಧಿಸಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಮೊದಲೇ ತೆಗೆದಿಟ್ಟಿದ್ದ ಫೋಟೊ. ಊರು ತಿಳಿಯದ ಶಿಲ್ಪ ಕಳುವಾದರೆ ಇಂಥ ಹಕ್ಕು ಸಾಧಿಸುವುದು ಬಲು ಕಷ್ಟ. ಎರಡನೆಯ ಆಕ್ಷೇಪ ವಿದ್ವಾಂಸರದು. ಗಂಗ, ಚಾಲುಕ್ಯ, ಹೊಯ್ಸಳ ಶಿಲ್ಪಗಳನ್ನು ಒಂದೇ ಕೋಣೆಯಲ್ಲಿ ಹೋಲಿಸುವ ಅನುಕೂಲ ದೊಡ್ಡ ಸಂಗ್ರಹದಲ್ಲೇ ಸಿಗುವುದು ಎನ್ನುತ್ತಾರೆ. ಇದನ್ನು ಒಪ್ಪಬೇಕು. ಹಾಗಿದ್ದರೂ ಇದು ಕೆಲವು ಮಾದರಿಗಳನ್ನು ತರುವುದಕ್ಕೆ ಕಾರಣವಾದೀತು, ನೆಲೆಯನ್ನೇ ಬರಿದು ಮಾಡುವುದಕ್ಕಲ್ಲ.

ಮೂರನೆಯದು ಹೆಚ್ಚು ಬಲವಾದದ್ದು: ಶಿಲ್ಪ ಊರು ಬಿಡುವುದು ಸಂಗ್ರಹಾಲಯದಿಂದ ಶುರುವಾದದ್ದಲ್ಲ, ಹಾಗಿರುವಾಗ ಯಾವುದು ಅದರ ಊರು? ಹಂಪಿಯ ಬಾಲಕೃಷ್ಣ ಇದಕ್ಕೆ ಒಳ್ಳೆಯ ಉದಾಹರಣೆ. ಕೃಷ್ಣದೇವರಾಯ ಗಜಪತಿಗಳಿಂದ ಉದಯಗಿರಿಯನ್ನು ಗೆದ್ದಾಗ ಆ ಮೂರ್ತಿಯನ್ನು ತಂದು, 1515ರಲ್ಲಿ ಹೊಸ ಕೃಷ್ಣಾಲಯದಲ್ಲಿ ಪ್ರತಿಷ್ಠೆ ಮಾಡಿಸಿದ. ಇಂದು ಅದು ಚೆನ್ನೈ ಸಂಗ್ರಹಾಲಯದಲ್ಲಿದೆ. 1953ರವರೆಗೆ ಬಳ್ಳಾರಿ ಜಿಲ್ಲೆ ಮದರಾಸು ಆಡಳಿತಕ್ಕೆ ಸೇರಿದ್ದರ ಫಲ ಇದು. ಉದಯಗಿರಿಯೋ, ಹಂಪಿಯೋ, ಚೆನ್ನೈಯೋ? ಮೂರನ್ನೂ ಸಮವೆಂದು ಬಿಡಲಾಗದು. ರಾಯ ತಂದದ್ದನ್ನು ಕಲ್ಲಿನ ಮೇಲೆ ಬರೆಸಿದ, ಅದಕ್ಕೆಂದೇ ಗುಡಿ ಕಟ್ಟಿಸಿದ. ಸ್ಥಳಾಂತರವೇ ಆ ಮೂರ್ತಿಯ ಚರಿತ್ರೆಯ ಒಂದು ಅಧ್ಯಾಯವಾಯಿತು, ಶಾಸನ ಇಂದಿಗೂ ಹಂಪಿಯಲ್ಲಿ ಅದಕ್ಕೆ ಸಾಕ್ಷಿ. ಮದರಾಸಿಗೆ ಹೋದದ್ದರ ಹಿಂದೆ ಇದ್ದದ್ದು ಆಡಳಿತದ ಗಡಿ ಮಾತ್ರ. ಗುಡಿ ಒಂದೆಡೆ, ದೇವರು ಇನ್ನೊಂದೆಡೆ ಆಗಿ, ಎರಡನ್ನೂ ಒಟ್ಟಿಗೆ ನೋಡುವ ಅವಕಾಶ ತಪ್ಪಿತು.

ಒಂದು ವಿಷಯದಲ್ಲಿ ಸಂಗ್ರಹಾಲಯಗಳಿಗೆ ಪೂರ್ತಿ ಕೀರ್ತಿ ಸಲ್ಲಬೇಕು. ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ, ಅದನ್ನು ನೀರಿಗೆ ಬಿಡಬೇಕೆಂಬುದು ರೂಢಿ. ಮೂಗು ಮುರಿದ ಸೂರ್ಯ, ಕೈ ಹೋದ ಭೈರವ, ತಲೆಯಿಲ್ಲದ ತೀರ್ಥಂಕರ, ಇವಕ್ಕೆ ಗುಡಿಯಲ್ಲಿ ಜಾಗವಿರಲಿಲ್ಲ. ಕೆರೆಯಲ್ಲೋ ಹೊಲದ ಬದುವಿನಲ್ಲೋ ಬಿದ್ದಿರುತ್ತಿದ್ದವು, ಇಲ್ಲವೆ ಗೋಡೆಗೆ ಕಲ್ಲಾಗುತ್ತಿದ್ದವು. ಸನ್ನತಿಯಲ್ಲಿ ಅಶೋಕನ ಶಾಸನವೇ ಕಾಳಿಯ ಮೂರ್ತಿಗೆ ಪೀಠವಾಗಿತ್ತು. 1986ರಲ್ಲಿ ಗುಡಿಯ ಮೇಲ್ಛಾವಣಿ ಕುಸಿದ ಮೇಲೆ ಅದು ಬೆಳಕಿಗೆ ಬಂತು. ಮುರಿದದ್ದಕ್ಕೂ ಬೆಲೆಯಿದೆಯೆಂದು ಎತ್ತಿಟ್ಟುಕೊಂಡದ್ದು ಸಂಗ್ರಹಾಲಯ. ಹಾಗೆ ಎತ್ತುವ ಮುನ್ನ ಎಲ್ಲಿತ್ತೆಂದು ಬರೆದುಕೊಳ್ಳುವ ಶಿಸ್ತು ಬಂದದ್ದು ಮಾತ್ರ ನಿಧಾನವಾಗಿ.

ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, 1990ರ ದಶಕದಲ್ಲಿ ಸರ್ವೇಕ್ಷಣ ಇಲಾಖೆ ಒಂದು ಸ್ತೂಪವನ್ನು ಅಗೆಯಿತು. ಸಿಕ್ಕಿದ್ದು ಅಮರಾವತಿಯ ಬಳಗಕ್ಕೇ ಸೇರುವ, ಸಾತವಾಹನ ಕಾಲದ ಸುಣ್ಣಕಲ್ಲಿನ ಫಲಕಗಳು. ಅವುಗಳಲ್ಲಿ ಒಂದರ ಮೇಲೆ ರಾಣಿಯರು, ಸೇವಕಿಯರ ಜೊತೆ ನಿಂತ ದೊರೆಯ ಚಿತ್ರವಿದ್ದು, ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರಿದೆ. ಫಲಕಗಳು ದೂರದ ರಾಜಧಾನಿಗೆ ಹೋಗದೆ ನೆಲೆಯಲ್ಲೇ ಉಳಿದವು. ಬಿದ್ದ ಜಾಗದಲ್ಲೇ ಗುರುತಾದ್ದರಿಂದ ಯಾವ ಫಲಕದ ಪಕ್ಕ ಯಾವುದಿತ್ತು, ಪ್ರದಕ್ಷಿಣೆ ಹಾಕುವವನಿಗೆ ಬುದ್ಧನ ಕಥೆ, ಸಾತವಾಹನ ರಾಜರ ಚಿತ್ರಗಳು ಯಾವ ಸಾಲಿನಲ್ಲಿ ಬರುತ್ತಿದ್ದವು ಎಂದು ವಿದ್ವಾಂಸರು ಅಳತೆ ಹಿಡಿದು ವಾದಿಸಬಹುದಾಗಿದೆ. ಲಂಡನ್ನಿನ ಅಮರಾವತಿ ಫಲಕಗಳ ಬಗ್ಗೆ ಇಂಥ ವಾದಕ್ಕೆ ಕೂತವರು ಈಗ ಕನಗನಹಳ್ಳಿಯ ಸಾಲನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಬೇಕಾಗಿದೆ.