ಕಾದಂಬರಿಯ ವಿಷಯವಾವುದು?

ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವನೊಬ್ಬನು ಗ್ರಂಥಾಲಯಕ್ಕೆ ಬಂದು, ಹೊಲವಿಲ್ಲದವನ ಹಂಬಲವನ್ನು ಕುರಿತ ಕಾದಂಬರಿಯೊಂದು ಬೇಕೆಂದು ಕೇಳಿದನೆನ್ನೋಣ. ಗ್ರಂಥಪಾಲಕನು ಯಾವ ಸೂಚಿಯನ್ನು ನೋಡಬೇಕು? ಕರ್ತೃವಿನ ಹೆಸರನ್ನಾಗಲಿ ಕೃತಿಯ ಹೆಸರನ್ನಾಗಲಿ ಅರಿಯದವನಿಗೆ ನಮ್ಮ ಪಟ್ಟಿಗಳು ಬಹುಮಟ್ಟಿಗೆ ಮೂಕವಾಗಿರುವುವು. ಈ ಮೌನಕ್ಕೂ ಒಂದು ಚರಿತ್ರೆಯುಂಟು.

1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಾಂಶ ವರ್ಗೀಕರಣವು ಸಾಹಿತ್ಯವನ್ನು ಭಾಷೆ ಮತ್ತು ಪ್ರಕಾರಗಳಿಂದ ವಿಂಗಡಿಸಿತೇ ಹೊರತು ಕಥಾವಸ್ತುವಿನಿಂದಲ್ಲ. 1933ರಲ್ಲಿ ಮದರಾಸಿನಿಂದ ಎಸ್. ಆರ್. ರಂಗನಾಥನ್ ಅವರು ಹೊರತಂದ ಕೋಲನ್ ವರ್ಗೀಕರಣವೂ ಭಾಷೆ, ಪ್ರಕಾರ, ಕರ್ತೃ, ಕೃತಿ ಎಂಬ ನಾಲ್ಕು ಮುಖಗಳಿಗೇ ನಿಂತಿತು. ಕರ್ತೃವನ್ನು ಅವನು ಹುಟ್ಟಿದ ವರ್ಷದಿಂದ ಗುರುತಿಸಿತು. ವಿಷಯಸೂಚಿಯನ್ನಾದರೋ ಅವರು ಸರಪಳಿಯ ಕ್ರಮದಿಂದ, ಎಂದರೆ ವರ್ಗಸಂಖ್ಯೆಯ ಒಂದೊಂದು ಕೊಂಡಿಯಿಂದಲೇ, ತೆಗೆಯುವಂತೆ ವಿಧಿಸಿದರು. ಸಂಖ್ಯೆಯಲ್ಲಿ ಇಲ್ಲದುದು ಸೂಚಿಯಲ್ಲಿ ಬರುವುದೆಂತು?

ಅದೇ 1933ರಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' ಬೆಳಕು ಕಂಡಿತು. ಅಸ್ಪೃಶ್ಯನೆಂದು ದೂರವಿರಿಸಲ್ಪಟ್ಟ ಜೀತದಾಳೊಬ್ಬನು ತನ್ನದೇ ಆದ ನೆಲವನ್ನು ಉಳಬೇಕೆಂದು ಹಂಬಲಿಸಿದ ಕಥೆಯದು. ವರ್ಗಸಂಖ್ಯೆಯು ಹೇಳುವುದು: ಸಾಹಿತ್ಯ, ಕನ್ನಡ, ಕಾದಂಬರಿ, 1902ರಲ್ಲಿ ಹುಟ್ಟಿದ ಕರ್ತೃ. ನೆಲವೂ ಇಲ್ಲ, ಜೀತವೂ ಇಲ್ಲ. ಹೆಸರನ್ನು ನಂಬಿದರೆ ವಾದ್ಯವೊಂದೇ ಉಳಿಯುವುದು! ಗುಲ್ವಾಡಿ ವೆಂಕಟರಾಯರ 1899ರ 'ಇಂದಿರಾಬಾಯಿ'ಗೆ 'ಸದ್ಧರ್ಮವಿಜಯ'ವೆಂಬ ಇನ್ನೊಂದು ಹೆಸರೂ ಉಂಟು; ವಿಧವೆಯ ವಿದ್ಯಾಭ್ಯಾಸ, ಪುನರ್ವಿವಾಹಗಳು ಅದರೊಳಗಿವೆಯೆಂದು ಯಾವ ಹೆಸರೂ ತಿಳಿಸದು.

ಹಾಗೆಂದು ಹಿರಿಯರನ್ನು ದೂರುವುದು ನ್ಯಾಯವಲ್ಲ. ಕಾದಂಬರಿಯು ಶಾಸ್ತ್ರಗ್ರಂಥವಲ್ಲ, ಅದನ್ನು ಒಂದು ವಿಷಯಕ್ಕೆ ಕಟ್ಟಿಹಾಕಿದರೆ ಉಳಿದವು ಕಳೆದುಹೋಗುವುವು. ಕಪಾಟಿನಲ್ಲಿ ಒಂದು ಪುಸ್ತಕಕ್ಕೆ ಒಂದೇ ಸ್ಥಳ. ಆದರೆ ಸೂಚಿಯಲ್ಲಿ ಹತ್ತು ಸ್ಥಳಗಳನ್ನು ಕೊಡಲು ಅಡ್ಡಿಯೇನು? ಡೆನ್ಮಾರ್ಕಿನ ಆನೆಲೀಸೆ ಮಾರ್ಕ್ ಪೈಟರ್ಸನ್ ಎಂಬ ವಿದುಷಿಯು 1970ರ ದಶಕದಲ್ಲಿ ಓದುಗರ ಪ್ರಶ್ನೆಗಳನ್ನೇ ಪರಿಶೀಲಿಸಿ, ಕಥಾವಸ್ತು, ದೇಶಕಾಲ, ಕರ್ತೃವಿನ ಆಶಯ, ಓದಿನ ಸುಲಭತೆ ಎಂಬ ನಾಲ್ಕು ದಾರಿಗಳನ್ನು ತೋರಿಸಿದರು. ಅಮೆರಿಕದ ಗ್ರಂಥಾಲಯ ಸಂಘವು 1990ರಲ್ಲಿ ಇದಕ್ಕೆಂದೇ ಸೂಚನೆಗಳನ್ನು ಪ್ರಕಟಿಸಿತು.

ರಂಗನಾಥನ್ ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿ, 1962ರಲ್ಲಿ ಇಲ್ಲಿ ದಾಖಲೀಕರಣದ ಸಂಶೋಧನ-ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಆ ಕೇಂದ್ರವು ಇಂದು ನಗರದ ಹೊರವಲಯದಲ್ಲಿ, ಮೈಸೂರು ರಸ್ತೆಯಲ್ಲಿದೆ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವು ದೊರೆಯಬೇಕೆಂಬುದು 1931ರಲ್ಲಿ ಅವರೇ ವಿಧಿಸಿದ ಸೂತ್ರಗಳಲ್ಲೊಂದು. ಅವರ ಸಂಖ್ಯೆಯು ಬಿಟ್ಟುದನ್ನು ಅವರ ಸೂತ್ರವು ಬೇಡುತ್ತಿದೆ. ಒಂದೊಂದು ಕನ್ನಡ ಕಾದಂಬರಿಗೂ ಊರು, ಕಾಲ, ಕಸುಬು, ಸಂಕಟ ಇಷ್ಟನ್ನಾದರೂ ಓದಿದವರು ಬರೆದಿಟ್ಟರೆ, ಪೀಣ್ಯದಿಂದ ಬಂದವನು ಬರಿಗೈಯಲ್ಲಿ ಹಿಂದಿರುಗಲಾರನು. ಚೋಮನೂ ಅವನಿಗಾಗಿ ಕಪಾಟಿನಲ್ಲಿ ಕಾದಿರಬೇಕಾಗುವುದಿಲ್ಲ.