ಯಾದವಗಿರಿಯ ಮನೆ ಉಳಿಯಿತು, ನಮ್ಮೂರಿನ ತೊಟ್ಟಿಮನೆ?

ಮೈಸೂರಿನ ಯಾದವಗಿರಿಯಲ್ಲಿ, ವಿವೇಕಾನಂದ ರಸ್ತೆಯ ಪಕ್ಕದಲ್ಲಿ ಎರಡು ಅಂತಸ್ತಿನ ಒಂದು ಬಿಳಿ ಮನೆ ಇದೆ. ಟಿವಿಯಲ್ಲಿ ನಾವೆಲ್ಲ ನೋಡಿದ ‘ಮಾಲ್ಗುಡಿ ಡೇಸ್’ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆ ಅದು. 2011ರಲ್ಲಿ ಈ ಮನೆ ನೆಲಸಮ ಆಗುವುದರಲ್ಲಿತ್ತು. ಅದು ಹೇಗೆ ಉಳಿಯಿತು ಎನ್ನುವುದನ್ನು ಹಳ್ಳಿಯ ನಾವೂ ತಿಳಿದುಕೊಂಡಿರಬೇಕು. ಯಾಕೆಂದರೆ ಹಳೆಯ ಮನೆಗಳು ಬೀಳುತ್ತಿರುವುದು ಪೇಟೆಯಲ್ಲಿ ಮಾತ್ರ ಅಲ್ಲ.

ಬಡಾವಣೆ ಬೆಳೆದ ಬಗೆ

ಹಳೆಯ ಮೈಸೂರು ಕೋಟೆ ಮತ್ತು ಅದರ ಸುತ್ತಲಿನ ಇಕ್ಕಟ್ಟಾದ ಕೇರಿಗಳ ಊರಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗ್ ಬಂದ ಮೇಲೆ ಗಾಳಿ ಬೆಳಕು ಇರುವ ಬಡಾವಣೆಗಳು ಬೇಕೆಂಬುದು ಎಲ್ಲರಿಗೂ ಮನವರಿಕೆಯಾಯಿತು. 1903ರಲ್ಲಿ ನಗರ ಅಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ಒಂದನ್ನು ಮಾಡಿದರು. ಅಗಲವಾದ ರಸ್ತೆಗಳು, ಸುತ್ತ ಜಾಗ ಬಿಟ್ಟು ಕಟ್ಟಿದ ಮನೆಗಳು ಆಮೇಲಿನ ಮೈಸೂರಿನ ಗುರುತಾದವು.

ನಾರಾಯಣ್ ಅವರ ತಂದೆ ಮಹಾರಾಜಾ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಕುಟುಂಬ ದೊಡ್ಡದು, ಅಣ್ಣತಮ್ಮಂದಿರೆಲ್ಲ ಒಟ್ಟಿಗೇ ಇದ್ದವರು. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರೂ ಇದೇ ಮನೆತನದ ಹುಡುಗ. ಅವರೆಲ್ಲ ಬಹಳ ವರ್ಷ ಲಕ್ಷ್ಮೀಪುರಂನ ಬಾಡಿಗೆ ಮನೆಯಲ್ಲಿದ್ದರು.

ನಾರಾಯಣ್ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂದದ್ದು 1935ರಲ್ಲಿ. ಅದೇ ವರ್ಷ ಮೈಸೂರಿನ ಇನ್ನೊಂದು ಮನೆಯಲ್ಲಿ ಇನ್ನೊಂದು ಕೆಲಸ ನಡೆಯಿತು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್‌ನ ಪುಟ್ಟ ರೇಡಿಯೋ ಕೇಂದ್ರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದೇ. ಇವತ್ತು ಮೈಸೂರು ಆಕಾಶವಾಣಿ ಇರುವುದೂ ಯಾದವಗಿರಿಯಲ್ಲೇ.

ಎಂಟು ಕಿಟಕಿಯ ಕೋಣೆ

ನಾರಾಯಣ್ ಯಾದವಗಿರಿಯಲ್ಲಿ ಸ್ವಂತ ಮನೆ ಕಟ್ಟಿಸಿ ನೆಲೆಸಿದ್ದು 1950ರ ದಶಕದ ಮೊದಲ ವರ್ಷಗಳಲ್ಲಿ. ಬರೆಯಲೆಂದೇ ಎಂಟು ಕಿಟಕಿಗಳ ಒಂದು ಕೋಣೆ ಮಾಡಿಸಿಕೊಂಡರು. ಅಲ್ಲಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ನೋಟ ಎಷ್ಟು ಚೆಂದವಿತ್ತೆಂದರೆ ಬರವಣಿಗೆ ಮುಂದೆ ಸಾಗಲಿಲ್ಲ. ಕೊನೆಗೆ ಕಿಟಕಿಗಳಿಗೆ ದಪ್ಪ ಪರದೆ ಹಾಕಿಕೊಂಡು ಬರೆಯಲು ಕೂತರು. ಅವರು ಈ ಮನೆಯಲ್ಲಿದ್ದ ಕಾಲದಲ್ಲೇ ‘ದಿ ಗೈಡ್’ ಬಂತು, ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು.

ವಯಸ್ಸಾದ ಮೇಲೆ ಅವರು ಚೆನ್ನೈಗೆ ಹೋದರು. 2001ರಲ್ಲಿ ತೀರಿಕೊಂಡರು. ಮನೆ ಖಾಲಿ ಉಳಿಯಿತು.

2011ರಲ್ಲಿ ಆದದ್ದು

ಹತ್ತು ವರ್ಷದ ನಂತರ ಕೆಡವುವ ಕೆಲಸ ಶುರುವಾಯಿತು. ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಜನ ಎದ್ದರು, ಅಧಿಕಾರಿಗಳು ಕೆಲಸ ನಿಲ್ಲಿಸಿದರು. ಆ ಹೊತ್ತಿಗೆ ಮನೆಯ ಸ್ವಲ್ಪ ಭಾಗ ಆಗಲೇ ಹೋಗಿತ್ತು.

ಆದರೆ ಅದು ಖಾಸಗಿ ಆಸ್ತಿ. ಬರೀ ‘ಪಾರಂಪರಿಕ ಮನೆ’ ಎಂದರೆ ಸಾಲದು, ಹಕ್ಕುದಾರರಿಗೆ ಬೆಲೆ ಕೊಡಬೇಕು. ಸರ್ಕಾರದ ದುಡ್ಡು ಇದಕ್ಕೆ ಯಾಕೆ ಎಂದು ಕೆಲವು ಕನ್ನಡ ಸಾಹಿತಿಗಳೇ ಕೇಳಿದರು. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡದ ದೊಡ್ಡ ಲೇಖಕರ ಮನೆಗಳ ಗತಿ ಏನು ಎಂಬುದು ಅವರ ವಾದ. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಉತ್ತರ ಈ ಮನೆ ಕೆಡವುವುದಲ್ಲ, ಆ ಮನೆಗಳನ್ನೂ ಉಳಿಸುವುದು ಎಂದು ನಮಗನ್ನಿಸುತ್ತದೆ.

ಕೊನೆಗೆ ಮೈಸೂರು ಮಹಾನಗರ ಪಾಲಿಕೆ ಸುಮಾರು 2.4 ಕೋಟಿ ರೂಪಾಯಿ ಕೊಟ್ಟು ಮನೆ ಕೊಂಡಿತು. ರಿಪೇರಿ ಮಾಡಿಸಿ 2016ರ ಜುಲೈನಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಮನೆ ಉಳಿಯಿತು, ಅಡುಗೆಮನೆಯಲ್ಲಿ ಒಲೆ ಮಾತ್ರ ಉರಿಯುವುದಿಲ್ಲ.

ಆಗುಂಬೆಯ ದೊಡ್ಡಮನೆ

ಇದೇ ನಾರಾಯಣ್ ಕಥೆಗಳನ್ನು 1980ರ ದಶಕದಲ್ಲಿ ಶಂಕರ್‌ನಾಗ್ ತೆರೆಗೆ ತಂದಾಗ, ಅವರಿಗೆ ಮಾಲ್ಗುಡಿ ಸಿಕ್ಕಿದ್ದು ಮೈಸೂರಿನಲ್ಲಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಅಲ್ಲಿನ ದೊಡ್ಡಮನೆಯೇ ಸ್ವಾಮಿಯ ಮನೆಯಾಯಿತು. ನೂರು ವರ್ಷ ದಾಟಿದ ಮನೆ, ನಡುವೆ ತೊಟ್ಟಿ, ಸುತ್ತ ಮರದ ಕಂಬ, ಮೇಲೆ ಹೆಂಚು. ಬಂದವರಿಗೆ ಊಟ ಹಾಕುವ ಮನೆ ಎಂದೇ ಅದಕ್ಕೆ ಹೆಸರು.

ಅದನ್ನು ಉಳಿಸಿದ್ದು ಪಾಲಿಕೆಯಲ್ಲ, ಅಲ್ಲಿ ಬಾಳಿದ ಮನೆಯವರು. ದಿನವೂ ಗುಡಿಸಿ ಒರೆಸುವವರಿದ್ದರೆ, ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡುವವರಿದ್ದರೆ ಇಂಥ ಮನೆ ನಿಲ್ಲುತ್ತದೆ. ಎರಡು ಮಳೆಗಾಲ ಯಾರೂ ನೋಡದಿದ್ದರೆ ಸೋರುತ್ತದೆ, ಗೆದ್ದಲು ಹತ್ತುತ್ತದೆ.

ನಮ್ಮ ಊರಿನ ಮಾತು

ನಮ್ಮೂರುಗಳ ತೊಟ್ಟಿಮನೆಗಳಿಗೆ ಹೋರಾಟ ಮಾಡುವವರಿಲ್ಲ, ಕೋಟಿ ಕೊಡುವವರೂ ಇಲ್ಲ. ಹಿಸ್ಸೆ ಆದಾಗ ನಡುವೆ ಗೋಡೆ ಏಳುತ್ತದೆ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದುಬೈನಲ್ಲಿ. ಕಂಬ, ತೊಲೆ, ಬಾಗಿಲು ಹಳೆ ಮರದ ವ್ಯಾಪಾರಿಗೆ ಹೋಗುತ್ತವೆ. ಇದರಲ್ಲಿ ಯಾರನ್ನೂ ದೂರಿ ಫಲವಿಲ್ಲ. ಹಳೆ ಮನೆ ಸಾಕುವುದು ಖರ್ಚಿನ ಬಾಬತ್ತು, ಮಕ್ಕಳಿಗೂ ತಮ್ಮದೊಂದು ಸೂರು ಬೇಕು.

ಹಾಗಾಗಿ ಎಲ್ಲ ಮನೆ ಉಳಿಸಿ ಎಂದು ನಾವು ಹೇಳುವುದಿಲ್ಲ. ಕೈಯಲ್ಲಿ ಆಗುವ ಕೆಲಸವನ್ನಷ್ಟೇ ಹೇಳುತ್ತೇವೆ. ಮನೆ ನಿಂತಿರುವಾಗಲೇ ಫೋನಿನಲ್ಲಿ ಜಗಲಿ, ತೊಟ್ಟಿ, ಅಟ್ಟ, ದೇವರಕೋಣೆ, ಬಾಣಂತಿ ಕೋಣೆಯ ಫೋಟೋ ತೆಗೆದಿಡಿ. ಅಜ್ಜ ಅಜ್ಜಿಯನ್ನು ಕೂರಿಸಿ ಕೇಳಿ: ಕಟ್ಟಿಸಿದವರು ಯಾರು, ಮರ ಎಲ್ಲಿಂದ ಬಂತು, ಬಡಗಿ ಯಾವ ಊರಿನವನು, ಮಣ್ಣು ಹೊತ್ತವರು ಯಾರು. ಉತ್ತರವನ್ನು ರೆಕಾರ್ಡ್ ಮಾಡಿ. ಹಳೆಯ ಪಾಲುಪಟ್ಟಿ, ಕಂದಾಯದ ರಸೀದಿಗಳ ಫೋಟೋ ಇರಲಿ. ಮಾರುವ ಮಾತು ಬಂದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಮ್ಮೆ ಒಟ್ಟಿಗೆ ಕೂತು, ಒಂದು ಭಾಗವನ್ನಾದರೂ ಉಳಿಸಬಹುದೇ ಎಂದು ಯೋಚಿಸಿ.

ಯಾದವಗಿರಿಯಲ್ಲಿ ಜನಕ್ಕೆ ಗೊತ್ತಾಗುವ ಹೊತ್ತಿಗೆ ಕೆಡವುವವರು ಒಳಗೆ ಬಂದಿದ್ದರು. ನಮಗೆ ಇನ್ನೂ ಸಮಯವಿದೆ.